ನಾಲ್ಕನೇ ಏಜೆಂಟಿಗೆ ಐನೂರು ಹೃದಯ

ಪ್ರಪಂಚವನ್ನು ಕಾಪಾಡಬೇಕಾದ ಐವರು ಹೊಸನಗರದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ, ಗೃಹಪ್ರವೇಶದ ಬ್ಯಾನರೊಂದರ ಮೇಲೆ, ಮಧ್ಯಾಹ್ನ ಮೂರೂವರೆ ಹೊತ್ತಿಗೆ ಜನ್ಮ ತಾಳಿದರು. ಆಗ ಅಂಗಡಿಯ ಮಾಲೀಕ ರಾಜೇಂದ್ರ ಅರೆನಿದ್ದೆಯಲ್ಲಿದ್ದ. (ಅರೆನಿದ್ದೆ ಅನ್ನುವುದು ಅವನ ಹೆಂಡತಿ ಸುಪ್ರಿಯಾಳ ಮಾತು. ಅವನ ಪ್ರಕಾರ ಅದು ಚಿಂತನೆ.)

ಬ್ಯಾನರಿಗೆಂದು ಆ ಮನೆಯ ಐವರು ಅಣ್ಣತಮ್ಮಂದಿರ ಫೋಟೋ ಬಂದಿತ್ತು. ಒಬ್ಬ ಬನಿಯನ್ನಿನಲ್ಲಿದ್ದ, ಇನ್ನೊಬ್ಬ ಯಾರದೋ ಮದುವೆಯಲ್ಲಿ ಊಟಕ್ಕೆ ಕೂತಿದ್ದ. ಇಂಥ ಆಪತ್ಕಾಲಕ್ಕೆಂದೇ ರಾಜೇಂದ್ರನ ಕಂಪ್ಯೂಟರಿನಲ್ಲಿ ಒಂದು ಕೋಟಿದೆ. ಕೋಟು, ಟೈ, ಎದೆಯ ಮೇಲೆ ಕಟ್ಟಿದ ಕೈ, ಎಲ್ಲ ಇದೆ, ತಲೆಯೊಂದಿಲ್ಲ. ತಾಲ್ಲೂಕಿನ ಎಷ್ಟೋ ಗಣ್ಯರು ಆ ಕೋಟಿನೊಳಗೆ ಹೋಗಿ ಬಂದಿದ್ದಾರೆ. ರಾಜೇಂದ್ರ ಅದನ್ನು ಐದು ಸಲ ಒತ್ತಿದ. ತಲೆಯಿಲ್ಲದ ಐವರು ಸಾಲಾಗಿ ನಿಂತು ಅವನನ್ನೇ ನೋಡಿದರು. ತಲೆಯಿಲ್ಲದೆ ಹೇಗೆ ನೋಡಿದರು ಎಂದು ಕೇಳಬಾರದು. ಕಿಟಕಿಯಾಚೆ ಬಿಳಿ ಮೋಡವೊಂದು ಯಾವ ಅವಸರವೂ ಇಲ್ಲದೆ ನಿಟ್ಟೂರಿನ ಕಡೆ ಹೊರಟಿತ್ತು. ಅದರ ಹಿಂದೆಯೇ ಅವನ ಮನಸ್ಸೂ ಹೊರಟಿತು.

ಒಂದು ಕಂಪನಿಯೇ ಮನುಷ್ಯರನ್ನು ಹೀಗೆ ತಯಾರಿಸಿದರೆ? ಹೆರುವವರಿಲ್ಲ, ತೊಟ್ಟಿಲಿಲ್ಲ. ದೊಡ್ಡ ದೊಡ್ಡ ಗಾಜಿನ ಭರಣಿಗಳಲ್ಲಿ ಬೆಳೆದು, ಮೂವತ್ತು ವರ್ಷದವರಾಗಿಯೇ ಎದ್ದು ಬರುತ್ತಾರೆ. ಹೆಸರಿನ ಜಾಗದಲ್ಲಿ ನಂಬರು. ಜಗತ್ತಿಗೆ ಕೇಡು ಬಂದಾಗ ಹಾರಿ ಹೋಗಿ ಕಾಪಾಡಬೇಕು, ಆದರೆ ಒಂಬತ್ತೂವರೆಯಿಂದ ಐದೂವರೆಯೊಳಗೆ. ಆಮೇಲೆ ಕಾಪಾಡುವುದಿದ್ದರೆ ಮೇಲಧಿಕಾರಿಯ ಸಹಿ ಬೇಕು.

ಈ ದಿವ್ಯದರ್ಶನದ ಮೊದಲ ಫಲವಾಗಿ ಗೃಹಪ್ರವೇಶದ ಬ್ಯಾನರು ನಾಲ್ಕೇ ತಲೆಗಳೊಂದಿಗೆ ಪ್ರಿಂಟಾಯಿತು. ಐದನೆಯ ತಮ್ಮ ಬರೀ ಕೋಟಾಗಿ ನಿಂತು ಸರ್ವರಿಗೂ ಸ್ವಾಗತ ಕೋರಿದ. ಆ ಮನೆಯವರು ಫೋನ್ ಮಾಡಿದ್ದು ರಾಜೇಂದ್ರನಿಗಲ್ಲ, ಸುಪ್ರಿಯಾಳಿಗೆ. ಊರಿನವರಿಗೆ ಯಾರಿಗೆ ಹೇಳಿದರೆ ಕೆಲಸವಾಗುತ್ತದೆಂದು ಗೊತ್ತಿತ್ತು.

"ಎಂತ ರೀ ಇದು, ಅವರ ತಮ್ಮನ ತಲೆ ಎಲ್ಲಿಟ್ರಿ?"

"ಯೋಚನೆ ಮಾಡ್ತಿದ್ದೆ ಮಾರಾಯ್ತಿ."

"ನಿಮ್ಮ ತಲೆ ಬಗ್ಗೆ ಕೇಳಿಲ್ಲ ನಾನು. ಅವರ ತಮ್ಮಂದು."

ಸುಪ್ರಿಯಾ ಒಂದು ವಿಮಾ ಕಂಪನಿಯ ಏಜೆಂಟ್. ಬರೀ ಏಜೆಂಟಲ್ಲ, ಮೂರು ವರ್ಷ ಸತತವಾಗಿ ಶಾಖೆಗೇ ಮೊದಲು ಬಂದವಳು. ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಟಿ ಹತ್ತಿದರೆ ಕೋಡೂರು, ನಿಟ್ಟೂರು, ಸಾಗರ ಎಂದು ಸುತ್ತಿ, ಜನರ ಮುಂದೆ ಕೂತು ಅವರವರ ಸಾವಿನ ಬಗ್ಗೆ ಎಷ್ಟು ಹಿತವಾಗಿ ಮಾತಾಡುತ್ತಿದ್ದಳೆಂದರೆ ಕೇಳಿದವರು ಎರಡನೆಯ ಲೋಟ ಕಾಫಿ ಕೊಡುತ್ತಿದ್ದರು. ಮನೆಗೆ ಬಂದ ಮೇಲೆ ಮಾತ್ರ ಆ ಹಿತವೆಲ್ಲ ಖರ್ಚಾಗಿ, ಟಾರ್ಗೆಟ್ಟೊಂದೇ ಉಳಿದಿರುತ್ತಿತ್ತು. ಅನ್ನ ಬೇಯುವುದಕ್ಕೆ ಟಾರ್ಗೆಟ್, ರಾಜೇಂದ್ರ ಸ್ನಾನ ಮಾಡಿ ಬರುವುದಕ್ಕೆ ಟಾರ್ಗೆಟ್.

ಹೀಗಾಗಿ, ತೀರ್ಥಹಳ್ಳಿಯಲ್ಲಿ ಮಕ್ಕಳ ಪುಸ್ತಕಗಳ ಪುಟ್ಟ ಪ್ರಕಾಶನ ನಡೆಸುವ ವಂದನಾ, ಅವನು ಬರೆದು ಕಳಿಸಿದ್ದನ್ನು ಓದಿ, "ನಿಮ್ಮ ಕಥೆ ಚೆನ್ನಾಗಿದೆ ಸರ್, ಮೂವತ್ತೆರಡು ಪುಟದ ಕಾಮಿಕ್ಸ್ ಮಾಡಿಕೊಡಿ, ಐನೂರು ಪ್ರತಿ ಹಾಕೋಣ" ಎಂದಾಗ, ರಾಜೇಂದ್ರನಿಗೆ ಪಾತ್ರಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ.

ಒಂದನೇ ಏಜೆಂಟ್ ನಾಯಕ. ಗುಡ್ಡ ಎತ್ತುತ್ತಾನೆ, ಗಂಭೀರವಾಗಿ ದಿಗಂತ ನೋಡುತ್ತಾನೆ. ಅವನಿಗೆ ರಾಜೇಂದ್ರ ಬಹಳ ವಿನಯದಿಂದ ತನ್ನದೇ ಮೂಗನ್ನು ಕೊಟ್ಟ. ಎರಡನೆಯವನು ನೀರಾಗುತ್ತಾನೆ, ಮೂರನೆಯವಳು ಗೋಡೆಯಾಚೆಗೆ ನೋಡುತ್ತಾಳೆ. ನಾಲ್ಕನೇ ಏಜೆಂಟಿಗೆ ಮಾತ್ರ ನಂಬರಿನ ಜೊತೆಗೆ ಲಕ್ಷ್ಯಾ ಎಂಬ ಅಡ್ಡಹೆಸರು. ಹಿಡಿದ ಗುರಿ ಬಿಟ್ಟವಳಲ್ಲ. ಗದ್ದದಲ್ಲೊಂದು ಮಚ್ಚೆ, ಹೆಗಲಿಗೊಂದು ಕಂದು ಬ್ಯಾಗು. ಹತ್ತೊಂಬತ್ತನೆಯ ಪುಟದಲ್ಲಿ ಕಂಪನಿಯ ಡಾಕ್ಟರು ಅವಳ ಎದೆಯ ಪುಟ್ಟ ಬಾಗಿಲು ತೆಗೆದು ತೋರಿಸುತ್ತಾನೆ. ಒಳಗೆ ಒಂದು ಕ್ಯಾಲ್ಕುಲೇಟರ್. "ಹೃದಯ ಇಟ್ಟರೆ ತೂಕ ಜಾಸ್ತಿಯಾಗಿ ಹಾರುವ ವೇಗ ಕಮ್ಮಿಯಾಗುತ್ತಿತ್ತು, ಹಾಗಾಗಿ ತೆಗೆದಿದ್ದೇವೆ." ಇದನ್ನು ಬರೆದು ರಾಜೇಂದ್ರ ಅಂಗಡಿಯಲ್ಲಿ ಒಬ್ಬನೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಹೆದರಿ ಮಚ್ಚೆಯನ್ನು ಎಡಗಡೆಯಿಂದ ಬಲಗಡೆಗೆ ವರ್ಗಾಯಿಸಿದ.

ಕೊನೆಗೆ ಎರಡು ಪುಟ ಖಾಲಿ ಉಳಿದವು. ಅವುಗಳನ್ನು ತುಂಬಿಸಲಿಕ್ಕೆಂದು ಐದನೆಯ ಏಜೆಂಟನೊಬ್ಬನನ್ನು ಗೀಚಿದ. ಭರಣಿಯಲ್ಲಿ ಒಂದು ವಾರ ಹೆಚ್ಚಿಗೆ ಮರೆತು ಬಿಟ್ಟದ್ದರಿಂದ ನಿದ್ದೆ ಪೂರ್ತಿ ಬಿಡದವನು. ಅಪಾಯದ ಗಂಟೆ ಹೊಡೆದರೆ ತಾರಸಿಗೆ ಹೋಗಿ ಮೋಡ ನೋಡುತ್ತಾ ನಿಲ್ಲುತ್ತಾನೆ; ಯುದ್ಧ ಮುಗಿದ ಮೇಲೆ ಕೆಳಗಿಳಿದು "ಎಂತಾಯ್ತು?" ಎಂದು ಕೇಳುತ್ತಾನೆ. ಇವನಿಗೆ ಯಾವ ಮಾದರಿಯೂ ಇರಲಿಲ್ಲ, ಬರೀ ಕಲ್ಪನೆ.

ಪುಸ್ತಕ ತೀರ್ಥಹಳ್ಳಿಗೆ ಹೋಯಿತು. ಹದಿನೈದು ದಿನದ ಮೇಲೆ, ಪ್ರಿಂಟಾಗಿ ಬಂದಿದೆ, ಶನಿವಾರ ಶಾಲೆಗಳಿಗೆ ಹಂಚಲು ಕಳಿಸುತ್ತೇನೆ ಎಂದು ವಂದನಾ ಸುದ್ದಿ ಕೊಟ್ಟಳು. ಅಂದು ಗುರುವಾರ. ಅಂದೇ ಸುಪ್ರಿಯಾಳ ಸ್ಕೂಟಿ ಕೆಟ್ಟಿತು.

"ಅಂಗಡಿ ಬಾಗಿಲು ಹಾಕಿ ಬನ್ನಿ. ಬ್ಯಾಕೋಡಿಗೆ ಹೋಗ್ಬೇಕು."

"ನಾಳೆ ಹೋದ್ರಾಗಲ್ವಾ?"

"ಆಗಲ್ಲ. ಕೆರಿಯಮ್ಮ ಕಾಯ್ತಾರೆ."

ಈ ಹೆಸರು ರಾಜೇಂದ್ರನಿಗೆ ಪರಿಚಿತ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳೂ ಒಂದು ದಿನ 'ಕೆರಿಯಮ್ಮ, ಬ್ಯಾಕೋಡು, ಒಂದು ಗಂಟೆ' ಎಂದು ಇರುತ್ತಿತ್ತು. ನಾಲ್ಕು ವರ್ಷದಿಂದ ಪಾಲಿಸಿಗೆ ಬಗ್ಗದ ಯಾರೋ ವೀರಮಹಿಳೆ ಇರಬೇಕೆಂದುಕೊಂಡು ಅವನು ಆಕೆಯನ್ನು ಮನಸ್ಸಿನಲ್ಲೇ ಗೌರವಿಸುತ್ತಿದ್ದ.

ನಿಟ್ಟೂರು ದಾಟಿ ಬೈಕು ಹೊರಟಿತು. ಚಳಿ ಬಿಟ್ಟು ಬಿಸಿಲು ಆಗತಾನೇ ಮೆತ್ತಗಾಗಿತ್ತು. ಒಂದು ತಿರುವಿನಲ್ಲಿ ಹಿನ್ನೀರು ಕಂಡಿತು. ಮೇಲಿನ ಮೋಡಗಳೆಲ್ಲ ಕೆಳಗೂ ಇದ್ದವು. ಯಾವುದು ಆಕಾಶ, ಯಾವುದು ನೀರು ಎನ್ನುವ ಗೆರೆಯನ್ನು ಯಾರೋ ರಬ್ಬರಿನಿಂದ ಅಳಿಸಿದ ಹಾಗಿತ್ತು. ಅದರ ನಡುವಿನಿಂದ ತನ್ನ ಐವರೂ ಕೋಟು ಹಾರಿಸಿಕೊಂಡು, ಸದ್ದಿಲ್ಲದೆ, ಬೆಳ್ಳಕ್ಕಿಗಳ ಹಿಂದೆ ತೇಲಿಹೋಗುವುದನ್ನು ರಾಜೇಂದ್ರ ಕಣ್ಣಾರೆ ಕಂಡ.

"ರೀ, ರಸ್ತೆ ಬಲಗಡೆ ಇದೆ" ಎಂದಳು ಹಿಂದಿನಿಂದ ಸುಪ್ರಿಯಾ.

ಕೆರಿಯಮ್ಮನ ಮನೆಯಲ್ಲಿ ಸೊಸೆಯಂದಿರು, ಮೊಮ್ಮಕ್ಕಳು, ಎರಡು ನಾಯಿ ಎಲ್ಲ ಸೇರಿ ದೊಡ್ಡ ಗಲಾಟೆ. ಕೆರಿಯಮ್ಮ ಜಗಲಿಯ ಮೇಲೆ ಚಾಪೆ ಹಾಸಿ, ಎಣ್ಣೆ ಬಟ್ಟಲು ಇಟ್ಟುಕೊಂಡು ಕೂತಿದ್ದಳು. ಇನ್ನು ಸುಪ್ರಿಯಾ ಬ್ಯಾಗಿನಿಂದ ಕಾಗದ ತೆಗೆಯುತ್ತಾಳೆ, ಯುದ್ಧ ಶುರುವಾಗುತ್ತದೆ ಎಂದು ರಾಜೇಂದ್ರ ಕಂಬಕ್ಕೊರಗಿ ಕಾದ. ಸುಪ್ರಿಯಾ ಬ್ಯಾಗನ್ನು ಮೊಳೆಗೆ ಸಿಕ್ಕಿಸಿದಳು. ಜಡೆ ಬಿಚ್ಚಿದಳು. ಚಾಪೆಯ ಮೇಲೆ ಕಾಲು ಮಡಚಿಕೊಂಡು, ಕೆರಿಯಮ್ಮನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಕೆರಿಯಮ್ಮ ಬೆರಳನ್ನು ಎಣ್ಣೆಗದ್ದಿ, ಬೈತಲೆ ಬಿಡಿಸಿ, ನಿಧಾನವಾಗಿ ತಿಕ್ಕತೊಡಗಿದಳು. ಎರಡು ನಿಮಿಷದಲ್ಲಿ ಸುಪ್ರಿಯಾಳಿಗೆ ನಿದ್ದೆ ಹತ್ತಿತ್ತು.

ಹದಿನೆಂಟು ವರ್ಷದ ಸಂಸಾರದಲ್ಲಿ ಹಗಲು ಹೊತ್ತು ಹೆಂಡತಿ ಮಲಗಿದ್ದನ್ನು ರಾಜೇಂದ್ರ ನೋಡಿದ್ದು ಅದೇ ಮೊದಲು. ಮುಖ ಎಷ್ಟೋ ಚಿಕ್ಕದಾದ ಹಾಗೆ ಕಂಡಿತು.

"ಪಾಲಿಸಿ?" ಎಂದು ಪಿಸುಗುಟ್ಟಿದ.

"ಪಾಲ್ಸಿ ಎಲ್ಲೀದು. ನಂದು ಮುಗ್ದು ನಾಕ್ ವರ್ಷಾತು" ಎಂದಳು ಕೆರಿಯಮ್ಮ. "ಕಡೇ ಕಾಗ್ದ ಕೊಡಾಕೆ ಬಂದಾಗ ತಲೆನೋವು ಅಂತು. ಎಣ್ಣೆ ಹಚ್ಚದೆ. ಹಂಗೇ ಮಲಗ್ತು. ಅವತ್ತಿಂದ ಬತ್ತದೆ. ತಾಯಿ ಇಲ್ದೆ ಬೆಳ್ದಿದ್ದಲ್ವಾ, ಯಾರೂ ತಲೆ ಮುಟ್ಟಿಲ್ಲ."

ರಾಜೇಂದ್ರನಿಗೆ ಗಾಜಿನ ಭರಣಿಗಳು ನೆನಪಾದವು. ಹೆರುವವರಿಲ್ಲ, ತೊಟ್ಟಿಲಿಲ್ಲ ಎಂದು ಬರೆಯುವಾಗ ತಾನೆಷ್ಟು ಖುಷಿಪಟ್ಟಿದ್ದೆ ಎನ್ನುವುದೂ.

"ನೀವೇ ಅಲ್ವಾ ಚಿತ್ರ ಬರೆಯರು? ನಮ್ಮನೆವ್ರ ಕೈಯಂಥ ಕೈ ಮೂರ್ ತಾಲೂಕಲ್ಲಿಲ್ಲ ಅಂತ ಹೇಳ್ತಾನೇ ಇರ್ತದೆ. ಅದೇನೋ ಬುಕ್ಕು ಬತ್ತದಂತೆ. ನಂಗೂ ಒಂದು ತಂದ್ಕೊಡ್ತದಂತೆ."

ಆ ಜಗಲಿಯ ಮೇಲೆ, ಅರ್ಧ ಬಿಸಿಲು ಅರ್ಧ ನೆರಳಿನಲ್ಲಿ, ರಾಜೇಂದ್ರನ ಕಣ್ಣೆದುರು ಐನೂರು ಪ್ರತಿಗಳ ಹತ್ತೊಂಬತ್ತನೆಯ ಪುಟಗಳು ಒಟ್ಟಿಗೇ ತೆರೆದುಕೊಂಡವು.

ಮರುದಿನ ಬೆಳಿಗ್ಗೆ ಅವನು ಅಂಗಡಿಯಲ್ಲಿ ಐನೂರು ಸ್ಟಿಕ್ಕರ್ ಪ್ರಿಂಟು ಹಾಕಿದ. ಕೆಂಪು ಹೃದಯ, ಅದರ ಕೆಳಗೆ ಒಂದು ಸಾಲು: 'ಹೃದಯ ಇದೆ. ತೋರಿಸಿಕೊಳ್ಳುವ ಅಭ್ಯಾಸವಿಲ್ಲ.' (ಕೈ ಅಭ್ಯಾಸದಿಂದ ಸುತ್ತಲೂ ಹೂವಿನ ಬಾರ್ಡರು ಬಂದುಬಿಟ್ಟಿತು. ತೆಗೆಯಲು ಸಮಯವಿರಲಿಲ್ಲ.) ಹೆಂಡತಿಗೆ, ಸಾಗರದಲ್ಲಿ ಇಂಕು ತರಬೇಕು ಎಂದು ಹೇಳಿ, ಸಾಗರಕ್ಕೆ ಬೆನ್ನು ಹಾಕಿ ತೀರ್ಥಹಳ್ಳಿಯ ಬಸ್ಸು ಹತ್ತಿದ.

ವಂದನಾಳ ಪ್ರಕಾಶನವೆಂದರೆ ಪೇಟೆಯಲ್ಲಿ ಮಹಡಿಯ ಮೇಲಿನ ಒಂದೇ ಕೋಣೆ. ಪುಸ್ತಕದ ಕಟ್ಟುಗಳ ನಡುವೆ ಚಾಪೆಯ ಮೇಲೆ ಕೂತು ರಾಜೇಂದ್ರ ಪ್ರತಿಯೊಂದರ ಕ್ಯಾಲ್ಕುಲೇಟರಿನ ಮೇಲೂ ಹೃದಯ ಅಂಟಿಸತೊಡಗಿದ. ಒಂದು ಗಂಟೆಯಲ್ಲಿ ನಲವತ್ತಾಯಿತು. ನಡುನಡುವೆ ಕಿಟಕಿಯಾಚೆ ತುಂಗೆಯ ಮೇಲಿನ ಬೆಳಕು ನೋಡಬೇಕಾಗುತ್ತಿತ್ತು.

"ಹೀಗಾದ್ರೆ ನಾಳೆಗೆ ಮುಗಿಯಲ್ಲ ಸರ್" ಎಂದಳು ವಂದನಾ. "ಅದಕ್ಕೆ ಸಹಾಯಕ್ಕೆ ಅಕ್ಕನ್ನ ಕರೆದಿದೀನಿ."

"ಯಾವ ಅಕ್ಕ?"

"ಸುಪ್ರಿಯಕ್ಕ. ನನ್ನ ಪಾಲಿಸಿ ಅವರದ್ದೇ ಅಲ್ವಾ. ಇಲ್ಲೇ ರಿಪ್ಪನ್‌ಪೇಟೆಗೆ ಬಂದಿದ್ರಂತೆ, ಬಸ್ಸು ಹತ್ತಿದೀನಿ ಅಂದ್ರು."

ರಾಜೇಂದ್ರ ಕಿಟಕಿಯನ್ನು ಪರೀಕ್ಷಿಸಿದ. ಅವನ ಒಂದನೇ ಏಜೆಂಟ್ ಆಗಿದ್ದರೆ ಅಲ್ಲಿಂದ ಹಾರಿರುತ್ತಿದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು.

"ಸಾಗರದ ಇಂಕು ತೀರ್ಥಹಳ್ಳಿಗೆ ಬಂತಾ?" ಎಂದು ಒಳಗೆ ಬಂದ ಸುಪ್ರಿಯಾ, ಉತ್ತರಕ್ಕೆ ಕಾಯದೆ ಒಂದು ಪ್ರತಿ ತೆಗೆದುಕೊಂಡು ಕಟ್ಟಿನ ಮೇಲೆ ಕೂತಳು. ಆ ಪ್ರತಿಗೆ ಸ್ಟಿಕ್ಕರ್ ಹಚ್ಚಿರಲಿಲ್ಲ. ಅವಳು ಮೊದಲ ಪುಟದಿಂದ, ಪಾಲಿಸಿಯ ಷರತ್ತು ಓದುವವಳ ಹಾಗೆ, ಒಂದಕ್ಷರ ಬಿಡದೆ ಓದಿದಳು. ರಾಜೇಂದ್ರ ಪುಟ ಮಗುಚುವ ಸದ್ದು ಎಣಿಸಿದ. ಹತ್ತೊಂಬತ್ತು ಬಂತು. ಸುಪ್ರಿಯಾ ಜೋರಾಗಿ ನಕ್ಕಳು.

"ಇದು ನಮ್ಮ ಬ್ರಾಂಚ್ ಮ್ಯಾನೇಜರ್ ಮೇಡಮ್ಮೇ. ಕ್ಯಾಲ್ಕುಲೇಟರ್. ಎಷ್ಟು ಸರಿಯಾಗಿ ಹಿಡಿದಿದೀರಿ ರೀ."

ಬದುಕಿದೆ ಎಂದುಕೊಂಡ ರಾಜೇಂದ್ರ. ಅವಳು ಓದಿ ಮುಗಿಸಿದಳು.

"ಈ ಐದನೆಯವನು ಬಹಳ ಚೆನ್ನಾಗಿದಾನೆ. ಥೇಟ್ ನೀವೇ."

"ನಾನಾ? ಇಲ್ಲ ಇಲ್ಲ, ಅದು ಕಲ್ಪನೆ."

"ಹೌದು ಸರ್, ನಂಗೂ ನೋಡಿದ ಕೂಡ್ಲೇ ಗೊತ್ತಾಯ್ತು" ಎಂದಳು ವಂದನಾ. "ಪ್ರೆಸ್ಸಿನವರೂ ಹಾಗೇ ಹೇಳಿದ್ರು."

"ಹಾಗಾದ್ರೆ ಈ ಒಂದನೇ ಏಜೆಂಟ್?" ರಾಜೇಂದ್ರನ ಧ್ವನಿ ಸಣ್ಣದಾಯಿತು. "ಮೂಗು ನೋಡು."

ಸುಪ್ರಿಯಾ ಪುಸ್ತಕವನ್ನು ದೂರ ಹಿಡಿದು ನೋಡಿದಳು. "ಆಗುಂಬೆ ಬಸ್ಸಿನ ಕಂಡಕ್ಟರ್ ಥರ ಇದೆ." ಆಮೇಲೆ ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡಳು. "ಎಲ್ಲ ಸರಿ. ಹದಿನೆಂಟು ವರ್ಷದಿಂದ ಜೊತೆಗಿದೀನಿ. ಐದು ಜನದಲ್ಲಿ ನಾನೆಲ್ಲೂ ಇಲ್ವಲ್ಲ ರೀ."

ರಾಜೇಂದ್ರ ಮುಂದಿನ ಪ್ರತಿಯನ್ನು ಹತ್ತಿರಕ್ಕೆಳೆದುಕೊಂಡ. ಇದ್ದೀಯ ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ.

"ಅಯ್ಯೋ, ನಾಲ್ಕನೆಯವರು ನೀವೇ ಅಲ್ವಾ ಅಕ್ಕ" ಎಂದಳು ವಂದನಾ ಪೂರ್ತಿ ಒಳ್ಳೆಯ ಮನಸ್ಸಿನಿಂದ. "ಅದಕ್ಕೇ ಸರ್ ಬಂದಾಗಿಂದ ಹೃದಯ ಅಂಟಿಸ್ತಾ ಇರೋದು."

ಸುಪ್ರಿಯಾ ಮತ್ತೆ ಆ ಪುಟ ತೆಗೆದಳು. ಮಚ್ಚೆ ನೋಡಿ ತನ್ನ ಗದ್ದ ಮುಟ್ಟಿಕೊಂಡಳು, ಕಂದು ಬ್ಯಾಗು ನೋಡಿದಳು, ತನ್ನ ಪಕ್ಕದಲ್ಲಿದ್ದ ಬ್ಯಾಗನ್ನೂ ನೋಡಿದಳು.

"ನಿನ್ನೆ ಬ್ಯಾಕೋಡಿಗೆ ಹೋಗೋಕ್ ಮುಂಚೆ ಬರೆದಿದ್ದಾ ಇದು?"

"ಹ್ಞೂಂ."

"ಸ್ಟಿಕ್ಕರು?"

"ಬಂದ ಮೇಲೆ."

ಅವಳು ಕೈ ಚಾಚಿದಳು. ರಾಜೇಂದ್ರ ಒಂದು ಸ್ಟಿಕ್ಕರ್ ಕೊಟ್ಟ. ಅದರ ಮೇಲಿದ್ದ ಸಾಲನ್ನು ಅವಳು ಬಹಳ ಹೊತ್ತು ಓದಿದಳು, ಅಷ್ಟು ಉದ್ದದ ಸಾಲೇನೂ ಅಲ್ಲ ಅದು. ಸೆರಗಿನ ತುದಿಯಿಂದ ಮೂಗೊರೆಸಿಕೊಂಡಳು. "ಹೂವಿನ ಬಾರ್ಡರ್ ಯಾಕೆ ಹಾಕಿದ್ರಿ, ನಾಮಕರಣದ ಹಾಗೆ" ಎಂದವಳೇ ಚಾಪೆಗಿಳಿದು ಕೂತು ಕಟ್ಟು ಬಿಚ್ಚಿದಳು. "ವಂದನಾ, ನೀನು ಪುಟ ತೆಗೆದು ಕೊಡು. ರೀ, ನೀವು ಹಿಂದಿನ ಕಾಗದ ಸುಲಿದು ಕೊಡಿ. ಅಂಟಿಸೋದು ನಾನು. ಐದು ಗಂಟೆಗೆ ಮುಗೀಬೇಕು."

ಹೀಗೆ ನಾಲ್ಕನೇ ಏಜೆಂಟ್ ತನ್ನ ಎದೆಗೆ ತಾನೇ ಹೃದಯ ಹಚ್ಚಿಕೊಳ್ಳತೊಡಗಿದಳು, ನಿಮಿಷಕ್ಕೆ ನಾಲ್ಕರಂತೆ, ಗೆರೆ ತಪ್ಪದ ಹಾಗೆ. ಕಾಗದ ಸುಲಿಯುವ ಸಣ್ಣ ಸದ್ದು, ಎಣ್ಣೆ ಹಚ್ಚಿದ ಕೂದಲಿನ ವಾಸನೆ, ಇಳಿಬಿಸಿಲು. ರಾಜೇಂದ್ರನಿಗೆ ಆ ಕೋಣೆಯೇ ಭರಣಿಯ ಹಾಗೆ ನಿಧಾನವಾಗಿ ಬೆಚ್ಚಗಾಗುತ್ತಿದೆ ಅನ್ನಿಸಿತು. ಅವನು ಸುಲಿಯುವುದನ್ನು ಮರೆತದ್ದು ಎರಡು ಸಲ ಮಾತ್ರ.

ಐದಕ್ಕೆ ಹತ್ತು ನಿಮಿಷವಿರುವಾಗ ಒಂದೇ ಒಂದು ಪ್ರತಿ ಉಳಿಯಿತು, ಸುಪ್ರಿಯಾ ಮೊದಲು ಓದಿದ್ದು. ರಾಜೇಂದ್ರ ಕೊನೆಯ ಸ್ಟಿಕ್ಕರ್ ಸುಲಿದು ಹಿಡಿದ. ಅವಳು ಪುಸ್ತಕವನ್ನು ಕಂದು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು.

"ಇದು ಹೀಗೇ ಇರ್ಲಿ" ಎಂದಳು. "ಮನೆಯಲ್ಲಿ ನಿಮಗೆ ತೋರಿಸೋಕೆ ಬೇಕಾಗುತ್ತೆ."

ಅವಳು ಮೆಟ್ಟಿಲಿಳಿದು ಹೋದಳು. ಬೆರಳಿಗಂಟಿದ ಹೃದಯವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ರಾಜೇಂದ್ರ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.