ಎರಡು ಪರದೆಗಳ ಗುಣವಿವರ

ಯಾವ ವಸ್ತುವನ್ನೂ ಇನ್ನೊಂದರ ಪಕ್ಕಕ್ಕಿಟ್ಟು ನೋಡದೆ ಒಪ್ಪುವವನಲ್ಲ ನಾನು. ಇದು ಗುಣವೆಂದು ನಾನು, ರೋಗವೆಂದು ನನ್ನ ಹೆಂಡತಿ ಗಾಯತ್ರಿ, ಮದುವೆಯಾದಾಗಿನಿಂದ ವಾದಿಸುತ್ತಾ ಬಂದಿದ್ದೇವೆ. ಕುವೆಂಪುನಗರದಲ್ಲಿ ಕೊತ್ತಂಬರಿ ಸೊಪ್ಪಿಗೆಂದು ಸ್ಕೂಟರ್ ನಿಲ್ಲಿಸಿದರೆ ಎರಡು ಗಾಡಿಗಳ ಸೊಪ್ಪನ್ನೂ ಕೈಯಲ್ಲಿ ಹಿಡಿದು, ಬೇರು ನೋಡಿ, ಮೂಸಿ, ಮೊದಲನೆಯದೇ ವಾಸಿ ಎಂದು ತೀರ್ಮಾನಿಸಿ ವಾಪಸ್ಸು ಬರುವಷ್ಟರಲ್ಲಿ ಅಲ್ಲಿ ಸೊಪ್ಪು ಮುಗಿದಿರುತ್ತದೆ. ಒಮ್ಮೆ ಕೃಷ್ಣಮೂರ್ತಿಪುರಂನ ಸೋದರತ್ತೆಯ ಮನೆಯಲ್ಲಿ ಊಟಕ್ಕೆ ಕೂತವನು, ಹೋದ ಸಲದ ಹುಳಿಗಿಂತ ಈ ಸಲದ್ದಕ್ಕೆ ಮೆಂತ್ಯ ಚೂರು ಮುಂದಾಗಿದೆ ಎಂದುಬಿಟ್ಟೆ. ಅತ್ತೆ ನಕ್ಕರು. ಆದರೆ ಎರಡನೆಯ ಸಲ ಹುಳಿ ಬಡಿಸುತ್ತಾ ಬಂದಾಗ ನನ್ನ ಎಲೆಯನ್ನು ದಾಟಿ ಹೋದರು. ಇಷ್ಟಾದರೂ ಈ ಗುಣದ ಮೇಲಿನ ನನ್ನ ವಿಶ್ವಾಸ ಕುಗ್ಗಿಲ್ಲ. ನನಗೆ ಅನ್ನ ಹಾಕುತ್ತಿರುವುದೇ ಅದು.

ಉದಯಗಿರಿಯ ಕಡೆಯ ಒಂದು ಅಗರಬತ್ತಿ ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿ ದಾಸ್ತಾನಿನ ಲೆಕ್ಕವಿಡುವ ಪ್ರೋಗ್ರಾಂ ಬಹಳ ಹಳೆಯದು. ಚಿತ್ರವಿಲ್ಲ, ಮೌಸ್ ಇಲ್ಲ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಅಷ್ಟೆ. ಇಂಥ ಪರದೆಗೆ ಟರ್ಮಿನಲ್ ಎನ್ನುತ್ತಾರೆ. ಒಂದೊಂದು ಬಗೆಯ ಟರ್ಮಿನಲ್ಲಿಗೂ ಒಂದು ಹೆಸರು, ಆ ಹೆಸರಿನಲ್ಲಿ ಒಂದು ಗುಣವಿವರ ಕಂಪ್ಯೂಟರಿನೊಳಗೆ ಇರುತ್ತದೆ. ಈತನಿಗೆ ಬಣ್ಣ ಬರುತ್ತದೆ, ಗೆರೆ ಎಳೆಯಬೇಕಾದರೆ ಹೀಗೆ ಕೇಳಬೇಕು, ಕೆಳಬಾಣದ ಕೀಲಿ ಒತ್ತಿದರೆ ಈತ ಇಂಥ ಸಂಕೇತ ಕಳಿಸುತ್ತಾನೆ, ಹೀಗೆ. ಹುಡುಗನ ಕಡೆಯವರು ಕೊಡುವ ವಿವರದಂತೆಯೇ, ಆದರೆ ಇದರಲ್ಲಿ ಸುಳ್ಳು ಕಡಿಮೆ. ಈ ವಿವರವನ್ನು ತೆಗೆದು ತೋರಿಸುವುದಕ್ಕೆ, ಎರಡು ವಿವರಗಳನ್ನು ಹೋಲಿಸಿ ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ಹೇಳುವುದಕ್ಕೆ ಇನ್ಫೋಕಂಪ್ ಎಂಬ ಒಂದು ಕಮ್ಯಾಂಡ್ ಇದೆ. ಎರಡು ಹೆಸರು ಕೊಟ್ಟರೆ ಸಾಕು, ಒಂದು ಮಾತು ಹೆಚ್ಚಿಲ್ಲ, ವ್ಯತ್ಯಾಸ ಮಾತ್ರ ಹೇಳಿ ಸುಮ್ಮನಾಗುತ್ತದೆ. ಮನುಷ್ಯರಲ್ಲಿ ನಾನು ಇಷ್ಟು ಮೆಚ್ಚಿಕೊಂಡವರು ಯಾರೂ ಇಲ್ಲವೆಂದು ಒಮ್ಮೆ ಗಾಯತ್ರಿಯ ಎದುರಿಗೇ ಹೇಳಿದೆ. ಹಾಗಾದರೆ ಅದಕ್ಕೇ ರೊಟ್ಟಿ ತಟ್ಟಲು ಹೇಳಿ ಎಂದಳು.

ಆ ಹಸಿರು ಪರದೆಯ ಮುಂದೆ ಕೂರುವವರು ಸುನಂದಮ್ಮ. ನಾನು ಕೆಲಸಕ್ಕೆ ಸೇರುವ ಮೊದಲೇ ಅವರು ಆ ಕುರ್ಚಿಯಲ್ಲಿದ್ದರು. ಹೋದ ವರ್ಷ ಅವರ ಎರಡು ಕಣ್ಣುಗಳಿಗೂ ಪೊರೆಯ ಆಪರೇಷನ್ ಆಯಿತು. ಬೆಳ್ಳಗೆ ಹೊಳೆಯುವ ಪರದೆ ನೋಡಿದರೆ ಈಗಲೂ ನೀರು ಸುರಿಯುತ್ತದೆ. ಕಪ್ಪು ಪರದೆಯಾದರೆ ಬೆಳಗಿನಿಂದ ಸಂಜೆಯವರೆಗೆ ಕೂರಬಲ್ಲರು. ಹಾಗಿರುವಾಗ ಅವರ ಹಳೆಯ ಟರ್ಮಿನಲ್ ಒಂದು ದಿನ ಕಣ್ಣು ಮುಚ್ಚಿತು. ಅದರ ಜಾಗಕ್ಕೆ ಹೊಸ ಕಂಪ್ಯೂಟರ್ ತಂದಿಟ್ಟು, ಅದರಲ್ಲೇ ಕಪ್ಪು ಪರದೆ ಬರುವಂತೆ ಮಾಡಿದೆ. ನಮ್ಮ ಹಳೆಯ ಪ್ರೋಗ್ರಾಂ ಮಾತ್ರ ಈ ಹೊಸ ಹೆಸರಿನವರು ಯಾರೋ ನನಗೆ ಗೊತ್ತಿಲ್ಲವೆಂದು ಬಾಗಿಲು ಹಾಕಿಕೊಂಡಿತು. ನಾನೇನು ಕಡಿಮೆಯೇ? ಹಳೆಯ ಟರ್ಮಿನಲ್ಲಿನ ಗುಣವಿವರವನ್ನು ಹಾಗೇ ನಕಲು ಮಾಡಿ, ಅದಕ್ಕೆ ಹೊಸದರ ಹೆಸರು ಅಂಟಿಸಿ, ನನ್ನದೇ ಫೋಲ್ಡರಿನಲ್ಲಿಟ್ಟು ಪ್ರೋಗ್ರಾಮಿಗೆ ಅದನ್ನು ತೋರಿಸಿದೆ. ಬಾಗಿಲು ತೆರೆಯಿತು. ಸದ್ಯಕ್ಕೆ ಇರಲಿ, ಆಮೇಲೆ ಸರಿಮಾಡೋಣ ಎಂದುಕೊಂಡೆ. ಸದ್ಯಕ್ಕೆ ಇರಲಿ ಎಂದುಕೊಂಡದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದು ಮನೆಯಲ್ಲಿ ನಲ್ಲಿಗೆ ಬಟ್ಟೆ ಸುತ್ತಿದವರಿಗೆಲ್ಲ ಗೊತ್ತು.

ಸುನಂದಮ್ಮನವರಿಂದ ದೂರು ಬಂತು. ಪರದೆಯ ಮೇಲೆ ಚೌಕದ ಗೆರೆಗಳಿರಬೇಕಾದ ಕಡೆ ಉದ್ದಕ್ಕೂ ಇಂಗ್ಲಿಷಿನ ಕ್ಯೂ ಅಕ್ಷರ ಕಾಣಿಸುತ್ತದೆ, ಕೆಳಬಾಣ ಒತ್ತಿದರೆ ಬಿ ಅಕ್ಷರ ಬೀಳುತ್ತದೆ ಎಂದರು. ಕಾರ್ಖಾನೆಯ ಯಜಮಾನರು ಏನಿದೆಂದು ನನ್ನನ್ನು ಕೇಳಿದರು. ನನ್ನ ಕೋಣೆ ಮೇಲಿನ ಮಹಡಿಯಲ್ಲಿದೆ. ಕೆಳಗಿಳಿಯುವ ಪ್ರಮೇಯವೇನು, ಇನ್ಫೋಕಂಪ್ ಇಲ್ಲವೇ? ಕೂತಲ್ಲೇ ಹಳೆಯದರ ಹೆಸರು, ಹೊಸದರ ಹೆಸರು ಕೊಟ್ಟೆ. ಅದು ಒಂದೂ ವ್ಯತ್ಯಾಸ ಹೇಳದೆ ಸುಮ್ಮನಾಯಿತು. ನಾನು ಯಜಮಾನರ ಕೋಣೆಗೆ ಹೋಗಿ, ಎರಡೂ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಯಂತ್ರವೇ ಹೇಳುತ್ತಿದೆ ಎಂದು ಘಂಟಾಘೋಷವಾಗಿ ಸಾರಿದೆ.

ಯಜಮಾನರು ಒಳ್ಳೆಯವರು. ತೊಂದರೆ ಬಂದದ್ದೇ ಅದರಿಂದ. ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, "ಹಂಗಾದ್ರೆ ಪಾಪ, ಆಯಮ್ಮನ ಕಣ್ಣೇ ಇನ್ನೂ ಸರಿಹೋಗಿಲ್ಲ ಕಣ್ರೀ. ಯಾಕೆ ಕಷ್ಟ ಕೊಡೋದು, ಪ್ಯಾಕಿಂಗ್ ಕಡೆ ಕೂರಿಸೋಣ ಬುಡಿ" ಎಂದರು. ನಾನು ತಲೆಯಾಡಿಸಿದೆ. ನನ್ನ ಯಂತ್ರ ಸರಿಯಾಗಿದೆ ಎಂದು ಸಾಬೀತಾದ ಖುಷಿಯಲ್ಲಿ, ಪ್ಯಾಕಿಂಗ್ ಮನೆಯಲ್ಲಿ ಇಡೀ ದಿನ ಗಂಧದ ಪುಡಿ ಹಾರಾಡುತ್ತಿರುತ್ತದೆ, ಆಪರೇಷನ್ ಆದ ಕಣ್ಣಿಗೆ ಅದು ಒಳ್ಳೆಯದಲ್ಲ ಎಂಬುದು ಹೊಳೆಯಲೇ ಇಲ್ಲ.

ಮಧ್ಯಾಹ್ನ ಊಟ ಮುಗಿಸಿ, ಎರಡು ಸಮಾಧಾನದ ಮಾತು ಹೇಳೋಣವೆಂದು ಕೆಳಗಿಳಿದೆ. ಸುನಂದಮ್ಮ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದರು. ಕಣ್ಣಿನ ಹನಿಯ ಸೀಸೆ, ಒಂದು ಪುಟ್ಟ ಟವೆಲ್, ನಂಜುಂಡೇಶ್ವರನ ಫೋಟೋ ಚೀಲಕ್ಕೆ ಹೋಗಿದ್ದವು. ನಾನು ಏನೋ ಶುರುಮಾಡುವ ಮೊದಲೇ ಅವರು ತಲೆ ಎತ್ತದೆ ಹೇಳಿದರು: "ಎಲ್ಲಿ ಕೂತ್ರೂ ಕೆಲ್ಸ ಕೆಲ್ಸನೇ ಸಾರ್. ಆದ್ರೆ ನಂಗೆ ಕಣ್ಣು ಕಾಣಲ್ಲ ಅಂತ ಎಲ್ರೂ ತೀರ್ಮಾನ ಮಾಡ್ಬುಟ್ರಲ್ಲ. ಇನ್ಮೇಲೆ ನಂಗೂ ಅದೇ ಅನುಮಾನ ಬತ್ತದೆ. ಒಂದ್ಸಲ ನೀವೇ ಇಲ್ಲಿ ಕೂತು ನೋಡಿ."

ಕೂತೆ. ಪರದೆಯ ತುಂಬ ಕ್ಯೂಗಳ ಮೆರವಣಿಗೆ. ಹತ್ತಿರದ್ದು ಮಬ್ಬಾಗಿ ಕಾಣುವ ನನಗೂ ಕುರ್ಚಿಯನ್ನು ತುಸು ಹಿಂದಕ್ಕೆಳೆದರೆ ಢಾಳಾಗಿಯೇ ಕಾಣಿಸಿತು. ಕೆಳಬಾಣ ಒತ್ತಿದೆ. ಬಿ ಬಿತ್ತು. ಮತ್ತೆ ಒತ್ತಿದೆ. ಮತ್ತೊಂದು ಬಿ. ನನಗೆ ನಿಜವಾಗಿ ನಾಚಿಕೆಯಾಯಿತು. ಮಹಡಿಯ ಮೇಲೆ ಕೂತು ಒಬ್ಬರ ಕಣ್ಣನ್ನು ಕಿತ್ತುಕೊಂಡವನಂತೆ ಅನಿಸಿತು. ಚೀಲದಿಂದ ಯಾವುದನ್ನೂ ಹೊರಗಿಡಬೇಡಿ, ಒಳಗೂ ಹಾಕಬೇಡಿ, ಒಂದು ನಿಮಿಷ ಎಂದು ತಡವರಿಸಿ ಮೇಲಕ್ಕೆ ಓಡಿದೆ.

ಆಗ ಹೊಳೆಯಿತು. ಇನ್ಫೋಕಂಪ್ ಪರದೆಯನ್ನು ನೋಡುವುದಿಲ್ಲ. ಅದಕ್ಕೆ ಕಣ್ಣೂ ಇಲ್ಲ, ಕೀಲಿ ಒತ್ತುವ ಬೆರಳೂ ಇಲ್ಲ. ಹೆಸರು ಹೇಳಿದರೆ ಆ ಹೆಸರಿನ ವಿವರವನ್ನು ಹುಡುಕಿ ಓದುತ್ತದೆ, ಹುಡುಕುವಾಗ ಮೊದಲು ನೋಡುವುದು ನಮ್ಮ ಸ್ವಂತ ಫೋಲ್ಡರನ್ನು. ಅಲ್ಲಿ ಹೊಸದರ ಹೆಸರಿನಲ್ಲಿ ಇದ್ದದ್ದೇನು? ನಾನೇ ಅಂಟಿಸಿದ ಹಳೆಯದರ ನಕಲು. ಹಳೆಯದನ್ನೂ ಹಳೆಯದನ್ನೂ ಅಕ್ಕಪಕ್ಕ ಇಟ್ಟುಕೊಂಡು, ಆಹಾ ಎಂಥ ಹೊಂದಾಣಿಕೆ ಎಂದು ನಾನು ಬೀಗಿದ್ದೆ. ಮೊದಲನೆಯ ವಿವರವನ್ನು ಎಲ್ಲಿಂದ ತರಬೇಕು, ಎರಡನೆಯದನ್ನು ಎಲ್ಲಿಂದ ತರಬೇಕು ಎಂದು ಬೇರೆಬೇರೆಯಾಗಿ ಹೇಳುವ ಸೌಕರ್ಯವೂ ಆ ಕಮ್ಯಾಂಡಿನಲ್ಲಿ ಇದೆ. ಅದೇನೋ ಪಾಪ ಕೈ ಕಟ್ಟಿಕೊಂಡು ನಿಂತೇ ಇತ್ತು, ಕೇಳುವವನಿಗೆ ಪುರುಸೊತ್ತಿರಲಿಲ್ಲ. ಈ ಸಲ ಹೊಸ ಕಂಪ್ಯೂಟರಿನ ಜೊತೆಗೇ ಬಂದಿದ್ದ, ಹೊಸ ಟರ್ಮಿನಲ್ಲಿನ ಅಸಲಿ ವಿವರ ಇರುವ ಜಾಗವನ್ನು ತೋರಿಸಿ ಕೇಳಿದೆ. ವ್ಯತ್ಯಾಸಗಳು ಒಂದರ ಹಿಂದೊಂದು ಸುರಿದವು. ಗೆರೆ ಎಳೆಯಲು ಕೇಳುವ ರೀತಿ ಬೇರೆ, ಬಾಣದ ಕೀಲಿಗಳ ಸಂಕೇತ ಬೇರೆ. ನಕಲನ್ನು ಅಳಿಸಿ, ಅಸಲಿ ವಿವರವನ್ನು ಪ್ರೋಗ್ರಾಮಿಗೆ ಪರಿಚಯ ಮಾಡಿಕೊಟ್ಟೆ. ಕೆಳಗೆ ಹೋಗಿ ನೋಡಿದರೆ ಚೌಕಗಳು ಚೌಕಗಳಾಗಿದ್ದವು. ಸುನಂದಮ್ಮ ಕೆಳಬಾಣ ಒತ್ತಿದರು, ಸಾಲು ಇಳಿಯಿತು. ಟವೆಲನ್ನು ಚೀಲದಿಂದ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು.

ಯಜಮಾನರಿಗೆ ಹೇಳಲೇಬೇಕಾಯಿತು. ಬೆಳಿಗ್ಗೆ ಘಂಟಾಘೋಷ ಮಾಡಿದ ಬಾಯಲ್ಲೇ, ಸುನಂದಮ್ಮನವರಿಗೆ ಕಂಡದ್ದೆಲ್ಲ ನಿಜ, ತಪ್ಪು ನನ್ನದು, ಅವರನ್ನು ಅಲ್ಲೇ ಕೂರಿಸಿ ಎಂದೆ. ಅವರು ಬೈಯಲಿಲ್ಲ. ನನ್ನನ್ನು ಆಪಾದಮಸ್ತಕ ನೋಡಿ, ಸುನಂದಮ್ಮ ಹೋಗುವ ಕಣ್ಣಿನ ಡಾಕ್ಟರ ಹತ್ತಿರ ನೀವೂ ಒಮ್ಮೆ ಹೋಗಿಬನ್ನಿ ಎಂದರು. ತಮಾಷೆಗೆ ಹೇಳಿದ್ದೆಂದು ತಿಳಿದು ಮನೆಯಲ್ಲಿ ನಗುತ್ತಾ ಹೇಳಿದರೆ, ಪತ್ರಿಕೆಯನ್ನು ಮೊಳದುದ್ದ ದೂರ ಹಿಡಿದು ಓದುವುದು ತಮಾಷೆಯಲ್ಲ ಎಂದು ಗಾಯತ್ರಿ ಸ್ಕೂಟರಿನ ಕೀ ಕೈಗಿತ್ತಳು.

ಡಾಕ್ಟರು ಗೋಡೆಯ ಅಕ್ಷರಗಳನ್ನು ಓದಿಸಿದರು, ಅದೆಲ್ಲ ನಿರರ್ಗಳವಾಗಿ ಓದಿದೆ. ಆಮೇಲೆ ಸಣ್ಣ ಅಕ್ಷರಗಳ ಒಂದು ಕಾರ್ಡನ್ನು ಕೈಗೆ ಕೊಟ್ಟು, ಕಬ್ಬಿಣದ ಕನ್ನಡಕ ಮೂಗಿಗೇರಿಸಿ, ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, ಇದು ಚೆನ್ನಾಗಿದೆಯೋ ಅದು ಚೆನ್ನಾಗಿತ್ತೋ ಎಂದು ಕೇಳಿದರು. ಹೋಲಿಸುವ ಕೆಲಸ ತಾನೇ, ನನಗೆ ಹೇಳಿಕೊಡಬೇಕೇ? ನೆಟ್ಟಗೆ ಕೂತು, ಎರಡೂ ಒಂದೇ ಡಾಕ್ಟ್ರೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದೆ. ಅವರು ಸಾವಧಾನವಾಗಿ ಎರಡೂ ಗಾಜುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು, ಒಂದು ತೆಳು, ಇನ್ನೊಂದು ದಪ್ಪ.

"ಸುನಂದಮ್ಮನವರ ಆಫೀಸಿನವರು ಅಂದ್ರಲ್ಲ ಸಾರ್? ಅವ್ರ ಕಣ್ಣು ಈಗ ಚೆನ್ನಾಗಿದೆ," ಎಂದರು. "ನಿಮ್ಗೇ ಬೇಗ ಬರೋಕೆ ಹೇಳ್ಬೇಕಿತ್ತು ಅವ್ರು."