ಹಿರಿಯೂರು ಛತ್ರದಲ್ಲಿ ಮ್ಯಾಂಡೊಲಿನ್ ವಾಸ

ಒಂದು ಮನೆಯಲ್ಲಿ ಒಂದು ಮ್ಯಾಂಡೊಲಿನ್ ಇದ್ದರೆ ಅದು ಸಂಗೀತ. ಒಂದೇ ಸೂರಿನಡಿ ಹನ್ನೆರಡು ಮ್ಯಾಂಡೊಲಿನ್ ಇದ್ದು, ಅವುಗಳ ಒಡೆಯರೂ ಅಲ್ಲೇ ಉಂಡು ಅಲ್ಲೇ ಮಲಗಿ, ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ತಂತಿ ಬಿಗಿಯಲು ಕುಳಿತರೆ ಅದನ್ನು ಏನೆಂದು ಕರೆಯಬೇಕೋ ನನಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ. ನಮ್ಮ ಮಾಸ್ತರು ಅದನ್ನು ಉತ್ಸವ ಎನ್ನುತ್ತಿದ್ದರು. ಮೈಸೂರಿನಲ್ಲಿ ಬ್ಯಾಂಡು ನುಡಿಸಿ, ಪಿಂಚಣಿ ಪಡೆದು, ಚಿತ್ರದುರ್ಗಕ್ಕೆ ಬಂದು ನೆಲಸಿದ್ದ ಅವರು ದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಶಿಷ್ಯರನ್ನೆಲ್ಲ ವರ್ಷಕ್ಕೊಮ್ಮೆ ಹಿರಿಯೂರಿನ ಛತ್ರಕ್ಕೆ ಕರೆಸಿ ಎಂಟು ದಿನ ಕೂಡಿಹಾಕುತ್ತಿದ್ದರು. ಕೊನೆಯ ದಿನ ಊರವರ ಮುಂದೆ ಕಚೇರಿ. ನಮ್ಮಲ್ಲಿ ಗುಮಾಸ್ತರಿದ್ದರು, ತೆಂಗಿನಕಾಯಿ ವ್ಯಾಪಾರಿಗಳಿದ್ದರು, ಅತ್ತರಿನ ಅಂಗಡಿಯ ಸಾಬರಿಬ್ಬರಿದ್ದರು. ನುಡಿಸುವುದು ಒಂದೇ ಗತ್ತು, ಒಂದೇ ವಾದ್ಯರಚನೆ, ಅಡುಗೆಗೆ ಮಾತ್ರ ಮೂರು ಒಲೆ. ಶ್ರುತಿ ಕೂಡಿದಷ್ಟು ಸುಲಭವಾಗಿ ಸಾರು ಕೂಡುತ್ತಿರಲಿಲ್ಲ.

ನಾನು ಬಿ.ಎ. ಇದನ್ನು ಇಷ್ಟು ಬೇಗ ಹೇಳಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಶ್ರೀರಾಂಪುರದ ಕಡೆಯ ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವನು ನಾನು. ಮಠದ ಮುದ್ದೆ ಉಂಡು, ಇನ್ನೊಬ್ಬರ ಪುಸ್ತಕ ಓದಿ, ಎರಡು ಸಲ ಫೇಲಾಗಿ ಪಡೆದ ಪದವಿ. ಸುಮ್ಮನೆ ಮಡಚಿಡಲು ಮನಸ್ಸು ಬರುವುದಿಲ್ಲ. ದುರ್ಗದಲ್ಲಿ ಮೇಷ್ಟ್ರಾದ ಮೇಲೆ, ಇಂಗ್ಲಿಷ್ ಓದಿದವನ ಗೋಡೆಯ ಮೇಲೆ ಒಂದು ಇಂಗ್ಲಿಷ್ ವಾದ್ಯ ತೂಗದಿದ್ದರೆ ಹೇಗೆ ಎಂದುಕೊಂಡು ಬೆಂಗಳೂರು ದಂಡಿನ ಅಂಗಡಿಯೊಂದರಿಂದ ಮ್ಯಾಂಡೊಲಿನ್ ತಂದೆ. ಅದರ ಕತ್ತು ಸ್ವಲ್ಪ ಸೊಟ್ಟಗಿತ್ತು. ನನ್ನ ಕೈಯೂ ಸೊಟ್ಟಗೇ ಇದ್ದುದರಿಂದ ಯಾವುದರ ತಪ್ಪೆಂದು ಯಾರಿಗೂ ಖಚಿತವಾಗಿ ಹೇಳಲಾಗುತ್ತಿರಲಿಲ್ಲ. ಒಬ್ಬ ತಿಪ್ಪೇಸ್ವಾಮಿ ಮಾತ್ರ ಹೇಳುತ್ತಿದ್ದ.

ತಿಪ್ಪೇಸ್ವಾಮಿ ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿ, ನನ್ನ ಓರಗೆಯವನು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ನೀರು ಹೇಳಬಲ್ಲವನಿಗೆ ಸ್ವರ ಕೇಳುವುದು ಕಷ್ಟವಾಗಲಿಲ್ಲ. ನಮ್ಮ ಮೇಳಕ್ಕೆ ಮೊದಲ ಮ್ಯಾಂಡೊಲಿನ್ ಅವನದೇ. ನಾನು ಅವನ ಪಕ್ಕ. "ಲೇ ಬಿ.ಎ., ನೀನು ಓದ್ಕಂಡಿರು, ನುಡಿಸೋ ಪಾಪ ಯಾಕೆ ಕಟ್ಕಂತೀಯ?" ಎಂದು ಎಲ್ಲರ ಮುಂದೆಯೇ ಅನ್ನುವನು. ಮ್ಯಾಂಡೊಲಿನ್ನಿನ ಸ್ವರ ಮೀಟಿದ ಕೂಡಲೇ ಸಾಯುತ್ತದೆ. ಅದನ್ನು ಬದುಕಿಸಿಡಬೇಕಾದರೆ ಬೆರಳು ಬಿಡದೆ ನಡುಗುತ್ತಿರಬೇಕು. ಅವನ ಕೈಯಲ್ಲಿ ಸ್ವರ ಬೇಕಾದಷ್ಟು ಹೊತ್ತು ಬದುಕುತ್ತಿತ್ತು.

ಆ ವರ್ಷ ಉತ್ಸವದ ನಡುವೆ ಪೇಟೆಯಲ್ಲಿ ಇಲಿ ಬಿದ್ದವು. ಇಲಿ ಬಿತ್ತು ಎಂದರೆ ಆಗ ಬೇರೆ ವಿವರಣೆ ಬೇಕಿರಲಿಲ್ಲ. ಜನ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ಜ್ವರ ಬಂದವರನ್ನು ಊರಾಚೆಯ ಪ್ಲೇಗ್ ಶೆಡ್ಡಿಗೆ ಒಯ್ಯುತ್ತಿದ್ದರು. ಅಲ್ಲಿಂದ ಮರಳಿ ಬಂದವರ ಹೆಸರು ಕೇಳಿದರೆ ಜನ ಯೋಚನೆ ಮಾಡಬೇಕಾಗುತ್ತಿತ್ತು. ನಾವೂ ಗಾಡಿ ಕಟ್ಟಬೇಕೆಂದಿದ್ದ ಬೆಳಿಗ್ಗೆಯೇ ನನಗೆ ಜ್ವರ ಬಂತು. ಪ್ಲೇಗ್ ಇನ್ಸ್‌ಪೆಕ್ಟರು ಛತ್ರದ ಕಡೆಗೇ ಬರುತ್ತಿದ್ದಾರೆಂಬ ಸುದ್ದಿಯೂ ಅದರ ಹಿಂದೆಯೇ ಬಂತು.

ಜ್ವರದವನಿಗೆ ಹಾಸಿಗೆ ಕೊಡುವುದು ಲೋಕದ ರೂಢಿ. ನನಗೆ ಮ್ಯಾಂಡೊಲಿನ್ ಕೊಟ್ಟರು. ಉಪಾಯ ತಿಪ್ಪೇಸ್ವಾಮಿಯದು. "ಮಲಗಿದ್ರೆ ಎತ್ಕಂಡು ಹೋಗ್ತಾರೆ. ಕುಂತ್ಕಂಡು ನುಡಿಸ್ತಿರೋನ್ನ ಯಾರು ಒಯ್ತಾರೆ? ನನ್ನ ಹೆಗಲಿಗೆ ಒರಗ್ಕಳೋ ಬಿ.ಎ. ಕೈ ನೀನಾಗಿ ಆಡಿಸಬ್ಯಾಡ, ಚಳಿಯೇ ಆಡಿಸ್ತೈತೆ." ಮಾಸ್ತರು ಮೇಳವನ್ನು ಅರ್ಧವೃತ್ತವಾಗಿ ಕೂರಿಸಿದರು. ಇನ್ಸ್‌ಪೆಕ್ಟರು ಬಾಗಿಲು ದಾಟುವ ಹೊತ್ತಿಗೆ ಗತ್ತು ಶುರುವಾಗಿತ್ತು. ನಾನು ನಡುಗುತ್ತಿದ್ದೆ, ಅಷ್ಟು ಒಳ್ಳೆಯ ನಡುಕ ಇಷ್ಟು ದಿನದ ಅಭ್ಯಾಸದಲ್ಲಿ ಬಂದಿರಲಿಲ್ಲ. ನನ್ನ ಕೆನ್ನೆಗೆ ತಿಪ್ಪೇಸ್ವಾಮಿಯ ಹೆಗಲು ಕಾದ ಹೆಂಚಿನಂತೆ ತಾಗುತ್ತಿತ್ತು. ನನ್ನ ಜ್ವರ ಅಂಗಿ ದಾಟಿ ಇನ್ನೊಬ್ಬನ ಮೈಯನ್ನೂ ಕಾಯಿಸುವಷ್ಟು ಜೋರಾಗಿದೆಯಲ್ಲ ಎಂದು ನನ್ನ ಬಗ್ಗೆ ನನಗೇ ಕನಿಕರ ಬಂತು.

ಇನ್ಸ್‌ಪೆಕ್ಟರು ಗತ್ತು ಮುಗಿಯುವವರೆಗೆ ನಿಂತು ಕೇಳಿದರು. ಆಮೇಲೆ, "ಚೆನ್ನಾಗೈತೆ. ಎಲ್ರೂ ಎರಡು ಕೈ ಮೇಲೆತ್ರಿ" ಎಂದರು. ಕಂಕುಳಲ್ಲಿ ಗಂಟು ಹುಡುಕುವ ಕ್ರಮ ಅದು. ನೇರ ನನ್ನ ಹತ್ತಿರ ಬಂದರು. ಕಂಕುಳು ಒತ್ತಿದರು, ಕಣ್ಣು ನೋಡಿದರು, ಹಲ್ಲು ಕಟಕಟಿಸುವುದನ್ನು ಸ್ವಲ್ಪ ಹೊತ್ತು ಕೇಳಿದರು.

"ಮಾರಿಕಣಿವೆ ಕಡೆ ಹೋಗಿದ್ರೇನ್ರಿ?"

"ಅಣೆಕಟ್ಟೆ ಕೆಲಸ ನೋಡೋಕೆ ಹೋಗಿದ್ದೆ."

"ಅಲ್ಲಿನ ಸೊಳ್ಳೆ ಕಚ್ಚೈತೆ. ಚಳಿಜ್ವರ ಇದು. ಕ್ವಿನೈನ್ ತಗಳ್ರಿ, ಸಾಯಲ್ಲ."

ಹನ್ನೊಂದು ಜನ ಒಟ್ಟಿಗೆ ಉಸಿರು ಬಿಟ್ಟರು. ನಾನು ಕೃತಜ್ಞತೆಯಿಂದ ತಿಪ್ಪೇಸ್ವಾಮಿಯ ಕಡೆ ತಿರುಗಿದೆ. ಇನ್ಸ್‌ಪೆಕ್ಟರೂ ತಿರುಗಿದರು. ಅವನು ಒಂದೇ ಕೈ ಎತ್ತಿದ್ದ.

"ಇನ್ನೊಂದು ಕೈ?"

"ಅದರಾಗೆ ಬಿ.ಎ.ನ ಹಿಡ್ಕಂಡಿದೀನಿ ಸ್ವಾಮಿ. ಬಿಟ್ರೆ ಬೀಳ್ತಾನೆ."

ನಾನು ಆಗಲೇ ನೆಟ್ಟಗೆ ಕುಳಿತಿದ್ದೆ.

ಇನ್ಸ್‌ಪೆಕ್ಟರು ಮೆಲ್ಲಗೆ ಅವನ ಎಡಗೈ ಎತ್ತಿದರು. ತಿಪ್ಪೇಸ್ವಾಮಿ ಅಷ್ಟಕ್ಕೇ ಕಣ್ಣು ಮುಚ್ಚಿಕೊಂಡ. "ಯಾವಾಗಿನಿಂದ?" ಎಂದು ಕೇಳಿದ್ದಕ್ಕೆ "ನಿನ್ನೆ ರಾತ್ರಿಯಿಂದ. ಬೆಳಿಗ್ಗೆ ನೋಡಿದ್ರೆ ಎಲ್ರೂ ಬಿ.ಎ. ಜ್ವರದ ಗಡಿಬಿಡೀಲಿದ್ರು, ನಡುವೆ ನಂದೇನು ಹೇಳೋದು ಅಂತ ಸುಮ್ನಿದ್ದೆ" ಅಂದ. ಮಾಸ್ತರು ಗೋಡೆಯ ಕಡೆ ಮುಖ ಮಾಡಿ ನಿಂತರು.

ಗಾಡಿ ಬಂತು. ಅವನ ಹಾಸಿಗೆ, ಬಟ್ಟೆ, ವಾದ್ಯ ಎಲ್ಲವನ್ನೂ ಅಂಗಳದಲ್ಲಿ ಸುಡಬೇಕೆಂದು ಇನ್ಸ್‌ಪೆಕ್ಟರು ಜವಾನನಿಗೆ ಹೇಳಿದರು. ನಮ್ಮಿಬ್ಬರ ಮ್ಯಾಂಡೊಲಿನ್‌ಗಳೂ ಚಾಪೆಯ ಮೇಲೆ ಅಕ್ಕಪಕ್ಕ ಬಿದ್ದಿದ್ದವು. ತಿಪ್ಪೇಸ್ವಾಮಿ ಬಗ್ಗಿ, ಬಲಗೈಯಲ್ಲಿ ನನ್ನದನ್ನು ಎತ್ತಿ ಜವಾನನಿಗೆ ಕೊಟ್ಟ.

"ಇದೇ ನಂದು. ಚೆನ್ನಾಗಿ ಸುಡಪ್ಪ. ಅರ್ಧಂಬರ್ಧ ಬಿಟ್ರೆ ಯಾರಾದ್ರೂ ಮತ್ತೆ ನುಡಿಸ್ಯಾರು."

ನಾನು ಬಾಯಿ ತೆರೆದೆ. ರೋಗ ಹೇಗೆ ಹರಡುತ್ತದೆಂದು ಪುಸ್ತಕದಲ್ಲಿ ಓದಿ ತರಗತಿಯಲ್ಲಿ ಪಾಠ ಹೇಳಿದವನು ನಾನು. ಅವನು ನನ್ನ ಕಡೆ ನೋಡಿ, "ಬಿ.ಎ., ನಿಂದನ್ನ ಬಿಸಿಲಿಗಿಡಬ್ಯಾಡ, ಒಳಗಿಟ್ಕ. ಮೇಲಿನ ತಂತಿ ಬಲು ಬಿಗಿ ಮಾಡಬ್ಯಾಡ" ಎಂದ. ನಾನು ಬಾಯಿ ಮುಚ್ಚಿದೆ. ಗಾಡಿ ಹತ್ತುವಾಗ ಅವನಿಗೆ ಕೈ ಕೊಡಲು ಜವಾನ ಬಿಡಲಿಲ್ಲ. ಅಂಗಳದಲ್ಲಿ ನನ್ನ ಮ್ಯಾಂಡೊಲಿನ್ ಸುಟ್ಟಿತು. ಒಂದೊಂದಾಗಿ ತಂತಿ ಕಿತ್ತು ಹೋಗುವಾಗ ಹೊರಟ ಸದ್ದಿಗೆ ಮಾತ್ರ ಯಾರೂ ಅಪಶ್ರುತಿ ಎನ್ನಲಿಲ್ಲ.

ಉಳಿದ ನಮ್ಮನ್ನು ಅದೇ ಛತ್ರದಲ್ಲಿ ಇನ್ನಷ್ಟು ದಿನ ಕೂಡಿಹಾಕಿದರು. ಉತ್ಸವ ಲಂಬಿಸಿತು ಎನ್ನಬಹುದು. ತಿಪ್ಪೇಸ್ವಾಮಿಯ ಸುದ್ದಿ ಮೂರನೆಯ ದಿನ ಬಂತು. ಮಾಸ್ತರು ಎಲ್ಲರನ್ನೂ ಕೂರಿಸಿ ಗತ್ತು ಎತ್ತಿಕೊಟ್ಟರು. ಮೊದಲ ಮ್ಯಾಂಡೊಲಿನ್ನಿನ ಸಾಲನ್ನು ಯಾರೂ ನುಡಿಸಲಿಲ್ಲ. ಆ ಹೊತ್ತು ಮೂರು ಒಲೆಯಲ್ಲಿ ಒಂದೂ ಹೊತ್ತಲಿಲ್ಲ.

ಮರುವರ್ಷ ಉತ್ಸವ ಹೊಸದುರ್ಗದಲ್ಲಿ ನಡೆಯಿತು. ಕಚೇರಿ ಮುಗಿದ ಮೇಲೆ ತಾಲ್ಲೂಕಿನ ಅಮಲ್ದಾರರು ವೇದಿಕೆಗೆ ಬಂದು, ನನ್ನ ನುಡಿಕೆಯಷ್ಟು ಇಂಪಾದದ್ದನ್ನು ತಾವು ಈ ಸೀಮೆಯಲ್ಲಿ ಕೇಳಿಲ್ಲವೆಂದರು. ನಾನು ಪದವೀಧರನೆಂದು ಯಾರೋ ತಿಳಿಸಿದರು. "ಅದಕ್ಕೇ ಮತ್ತೆ! ಓದಿದವರ ಕೈಯೇ ಬೇರೆ ಕಣ್ರಿ" ಎಂದರು. ಮಾಸ್ತರು ನನ್ನ ಮಡಿಲಲ್ಲಿದ್ದ ವಾದ್ಯವನ್ನು ನೋಡಿದರು, ನನ್ನನ್ನೂ ನೋಡಿದರು. ನಾನು ಎದ್ದು ನಿಂತು ಅಮಲ್ದಾರರಿಗೆ ಕೈಮುಗಿದೆ. ಅವರು ಹಾಕಿದ ಹಾರವನ್ನೂ ತಲೆ ಬಗ್ಗಿಸಿ ಹಾಕಿಸಿಕೊಂಡೆ.