ಇವತ್ತಿನ ಹಾಳೆ ಏನು ಹೇಳುತ್ತೆ?

ಹೋದ ವರ್ಷದ ಒಂದು ಮಧ್ಯಾಹ್ನ, ಉಂಡ ಅನ್ನ ಕಣ್ಣಿಗೆ ಹತ್ತುವ ಹೊತ್ತಿನಲ್ಲಿ, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವನು ಒಂದು ಗಾದೆ ಆರಿಸಿದ್ದ. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಎರಡು ಬೆರಳಷ್ಟು ಜಾಗ ಉಳಿಯುತ್ತದೆ. ಅದಕ್ಕೆ ಗಾದೆ ತುಂಬುವುದು ಅವನ ಕೆಲಸ. ಮುನ್ನೂರ ಅರವತ್ತೈದು ಗಾದೆ ಹುಡುಕುವವನಿಗೆ ಯಾವುದು ಯಾವ ದಿನಕ್ಕೆ ಬಿತ್ತೆಂಬ ನೆನಪೆಲ್ಲಿ?

ಈ ಬೆಳಗ್ಗೆ ಏಳೂವರೆಗೆ ಮನೆಯ ಗೋಡೆಯ ಮೇಲಿದ್ದ ನಿನ್ನೆಯ ಹಾಳೆಯ ಮೂಲೆ ಎತ್ತಿ ನೋಡಿದವನ ಜೀವ ಬಾಯಿಗೆ ಬಂತು. ಇವತ್ತಿನ ತಾರೀಖಿನ ಕೆಳಗೆ ಅವನೇ ಜೋಡಿಸಿದ ಸಾಲು ದಪ್ಪಕ್ಷರದಲ್ಲಿ ಕೂತಿತ್ತು: "ತಿರುಗಿ ಹೆಣ್ಣು ಕೆಟ್ಟಳು, ಕೂತು ಗಂಡು ಕೆಟ್ಟ."

ಮಗಳ ಕಾಲೇಜು ಅರ್ಜಿಗೆ ಇವತ್ತೇ ಕೊನೆಯ ದಿನ. ಹನ್ನೆರಡಕ್ಕೆ ಕಿಟಕಿ ಮುಚ್ಚುತ್ತದೆ. ಅರ್ಜಿ ತುಂಬಿ ಇಟ್ಟಾಗಿತ್ತು. ಬೇಕಿದ್ದದ್ದು ಅವಳ ಅಂಕಪಟ್ಟಿ. ಅದು ಅವನ ಅಮ್ಮನ ಟ್ರಂಕಿನಲ್ಲಿ, ಟ್ರಂಕಿನ ಬೀಗದ ಕೈ ಅಮ್ಮನ ಸೊಂಟದಲ್ಲಿ. ಅಮ್ಮ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. "ನಾಳೆ ಹಾಳೆ ಏನು ಹೇಳುತ್ತೋ ನೋಡೋಣ" ಅಂದಿದ್ದಳು. ಹಾಳೆ ಹೇಳಿದಂತೆ ನಡೆದರೆ ತಪ್ಪು ತನ್ನ ತಲೆಗೆ ಬರುವುದಿಲ್ಲ ಎಂಬುದು ಅವಳ ಲೆಕ್ಕಾಚಾರ.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಬೆಳಗಿನ ಡ್ಯೂಟಿಗೆ ಹೊರಡುವಾಗ ಒಂದೇ ಮಾತು ಹೇಳಿ ಹೋಗಿದ್ದಳು: "ಅರ್ಜಿ ಕೊಡದೆ ಬಂದ್ರೆ, ಇವತ್ತಿಂದ ಊಟ ನಿದ್ದೆ ಎಲ್ಲ ಪ್ರೆಸ್ಸಲ್ಲೇ ಮಾಡ್ಕೊಳ್ಳಿ."

ಅಮ್ಮ ಹಾಳೆ ಹರಿಯುವುದು ಸ್ನಾನವಾದ ಮೇಲೆ, ಹತ್ತೂವರೆಗೆ. ಅವನು ಇವತ್ತಿನ ಹಾಳೆಯನ್ನು ಮೆಲ್ಲಗೆ ಕಿತ್ತು ಜೇಬಿಗೆ ತುರುಕಿ ಪ್ರೆಸ್ಸಿಗೆ ಓಡಿದ.

ಇವತ್ತಿನ ತಾರೀಖಿನ ಮೊಳೆ ಜೋಡಿಸಿ, ಅದರ ಕೆಳಗೆ ಹೊಸ ಗಾದೆ ಕೂರಿಸಿದ. "ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ." ಮಷೀನು ತುಳಿದು ಎರಡು ಹಾಳೆ ಹೊಡೆದ. ಒಂದು ತನ್ನ ಮನೆಗೆ, ಇನ್ನೊಂದು ಎದುರುಮನೆಯ ಟೈಲರಮ್ಮನಿಗೆ. ಆಕೆಯ ಗೋಡೆಯಲ್ಲೂ ಇದೇ ಕ್ಯಾಲೆಂಡರ್ ಇತ್ತು. ಅಮ್ಮ ಅನುಮಾನ ಬಂದರೆ ಅಲ್ಲಿಗೂ ಹೋಗಿ ನೋಡುವ ಹೆಂಗಸು.

"ಏನಯ್ಯಾ, ವರ್ಷದ ನಡುವೆ ಕ್ಯಾಲೆಂಡರ್ ಹೊಡೀತಿದ್ದೀಯಾ?" ಹಿಂದಿನಿಂದ ಯಜಮಾನರ ಧ್ವನಿ.

"ಮೊಳೆ ತುಕ್ಕು ಹಿಡಿದಿದೆಯಾ ಅಂತ ನೋಡ್ತಿದ್ದೆ ಯಜಮಾನ್ರೇ."

"ಸೀಸಕ್ಕೆ ತುಕ್ಕಾ?"

"ಅದಕ್ಕೇ ಹಿಡಿದಿಲ್ಲ ಯಜಮಾನ್ರೇ!" ಎಂದವನು ಬಾಗಿಲು ದಾಟಿಯಾಗಿತ್ತು.

ಮಸಿ ಇನ್ನೂ ಹಸಿ. ಎರಡು ಕೈಯಲ್ಲಿ ಎರಡು ಹಾಳೆ ಬೀಸುತ್ತ, ಹಾರಲು ಹೊರಟ ಕೋಳಿಯ ಹಾಗೆ ಬೀದಿಯುದ್ದಕ್ಕೂ ಓಡಿದ. ಟೈಲರಮ್ಮ ಮಷೀನಿನ ಮುಂದೆ ಕೂತಿದ್ದಳು.

"ಏನು ಪ್ರೆಸ್ಸಪ್ಪ, ಮುಖಕ್ಕೆಲ್ಲ ಮಸಿ ಬಳ್ಕೊಂಡು?"

"ಒಲೆ ಮೇಲೆ ಏನೋ ಸೀದ ವಾಸನೆ ಬರ್ತಿದೆ ನೋಡಿ, ಟೈಲರಮ್ಮ."

ಆಕೆ ಒಳಗೆ ಹೋಗಿ ಬರುವಷ್ಟರಲ್ಲಿ ಗೋಡೆಯ ಹಾಳೆ ಬದಲಾಗಿತ್ತು, ಅವನು ಮಾಯವಾಗಿದ್ದ. ಮನೆಯ ಹಾಳೆಯನ್ನು ಅಂಟು ಹಚ್ಚಿ ಕೂರಿಸಿ, ನಿನ್ನೆಯದನ್ನು ಅದರ ಮೇಲೆ ಸರಿಮಾಡುವಾಗ ಬಚ್ಚಲ ಬಾಗಿಲು ಕಿರುಗುಟ್ಟಿತು. ಅವನು ಅಡುಗೆಮನೆಯ ಬಾಗಿಲ ಹಿಂದೆ ನಿಂತ.

ಅಮ್ಮ ಕನ್ನಡಕ ಏರಿಸಿ ಕುರ್ಚಿಯಲ್ಲಿ ಕೂತಳು. ಆದರೆ ಗೋಡೆಯ ಹತ್ತಿರ ಹೋದವಳು ಮೊಮ್ಮಗಳು.

"ಏನು ಹೇಳುತ್ತೆ ಮಗಾ?"

ಹುಡುಗಿ ನಿನ್ನೆಯ ಹಾಳೆ ಹರಿದಳು. ಇವತ್ತಿನದರ ಕಡೆ ಕಣ್ಣು ಕೂಡ ಹಾಯಿಸದೆ ಗಟ್ಟಿಯಾಗಿ ಹೇಳಿದಳು: "ಬೀಗದೊಳಗಿನ ಕಾಗದ ಗೆದ್ದಲಿಗೆ, ಕೈಯೊಳಗಿನ ಕಾಗದ ಬದುಕಿಗೆ."

ಅವನು ಬಾಯಿ ಬಿಟ್ಟ. ಇಂಥ ಗಾದೆಯನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಮ್ಮ ಮಾತ್ರ ನಿಟ್ಟುಸಿರು ಬಿಟ್ಟು, "ಹಾಳೆಯೇ ಹೇಳಿದ ಮೇಲೆ ಇನ್ನೇನು" ಎಂದು ಸೊಂಟಕ್ಕೆ ಕೈ ಹಾಕಿದಳು.

ಅಷ್ಟರಲ್ಲಿ ಬಾಗಿಲು ದಡಾರೆಂದಿತು.

"ಎಲ್ಲಿ ನಿಮ್ಮ ಮಗ? ಇವತ್ತು ಯಾರ್ಯಾರ ಬಟ್ಟೆ ಕೊಡಬೇಕು ಅಂತ ಆ ಹಾಳೆ ಹಿಂದೆ ಬರೆದಿಟ್ಟಿದ್ದೆ. ಅದನ್ನ ಕಿತ್ಕೊಂಡು ಇದನ್ನ ಅಂಟಿಸಿ ಓಡಿದ್ದಾನೆ!" ಟೈಲರಮ್ಮ ಹೊಸ ಹಾಳೆ ಝಳಪಿಸಿದಳು. "ಇದರಲ್ಲಿ ಏನಿದೆ? ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ! ಇದನ್ನ ಇಟ್ಕೊಂಡು ಯಾರಿಗೆ ಅಂಗಿ ಕೊಡ್ಲಿ ನಾನು?"

ಅಮ್ಮನ ಕೈ ಸೊಂಟದಲ್ಲೇ ನಿಂತಿತು. "ಒಂದು ತಾರೀಖಿಗೆ ಎರಡು ಗಾದೆಯಾ?"

ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ಅವನು ಬಾಗಿಲ ಹಿಂದಿನಿಂದ ಬಂದು, ಜೇಬಿನಿಂದ ಎರಡು ಮುದ್ದೆಯಾದ ಹಾಳೆ ತೆಗೆದು ಮೇಜಿನ ಮೇಲಿಟ್ಟ. "ನಾನೇ ಬದಲಾಯಿಸಿದೆ ಅಮ್ಮ. ನಿಜವಾದದ್ದು ಇದು. ಓದ್ಕೋ."

ಅಮ್ಮ ಓದಲಿಲ್ಲ. ಹಾಳೆಯನ್ನು ತಲೆಕೆಳಗಾಗಿ ಹಿಡಿದಿದ್ದಳು.

"ಅಜ್ಜಿಗೆ ಎರಡು ವರ್ಷದಿಂದ ಕಣ್ಣಿಗೆ ಪೊರೆ, ಅಪ್ಪ" ಹುಡುಗಿ ತಲೆ ತಗ್ಗಿಸಿದಳು. "ನಮ್ಮಮ್ಮನಿಗೆ ಗೊತ್ತಾದ್ರೆ ಆಸ್ಪತ್ರೆಗೆ ಎಳ್ಕೊಂಡು ಹೋಗಿ ಆಪರೇಷನ್ ಮಾಡಿಸ್ತಾಳೆ ಅಂತ ಹೆದರಿ ಯಾರಿಗೂ ಹೇಳಬೇಡ ಅಂದ್ರು. ದಿನಾ ಓದೋಳು ನಾನೇ. ನಂಗೆ ಸರಿ ಕಾಣದ ಗಾದೆ ಬಂದ ದಿನ… ನಾನೇ ಒಂದು ಕಟ್ಟಿ ಹೇಳ್ತಿದ್ದೆ."

"ಹಾಗಾದ್ರೆ 'ಸೊಸೆ ದುಡಿದರೆ ಅತ್ತೆಗೆ ನಿದ್ದೆ' ಅನ್ನೋದು?"

"ನಂದೇ, ಅಜ್ಜಿ."

"ಅದನ್ನ ಕೇಳಿ ನಾನು ನಿಮ್ಮಮ್ಮನನ್ನ ಕೆಲಸಕ್ಕೆ ಕಳಿಸ್ದೆನಲ್ಲೇ!" ಅಮ್ಮ ಹಾಳೆಯನ್ನು ಟೈಲರಮ್ಮನ ಕಡೆ ಚಾಚಿದಳು. "ಇವರಿಬ್ಬರ ಬಾಯೂ ಬೇಡ. ನೀನು ಓದು."

ಟೈಲರಮ್ಮ ಓದಿದಳು: "ತಿರುಗಿ ಹೆಣ್ಣು ಕೆಟ್ಟಳು, ಕೂತು ಗಂಡು ಕೆಟ್ಟ." ಅಪ್ಪ ಮಗಳು ಉಸಿರು ಹಿಡಿದರು. ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಾಲ್ಕನೇ ಕ್ಲಾಸಲ್ಲಿ" ಎಂದು ಶುರುಮಾಡಿದಳು, "ಇದೇ ಗಾದೆ ಹೇಳಿ ನಮ್ಮಪ್ಪ ನನ್ನ ಸ್ಲೇಟು ಕಿತ್ಕೊಂಡಿದ್ದು. ನಾನು ಹಿತ್ತಲಲ್ಲಿ ಕೂತು ಅತ್ತಿದ್ದೆ. ಅದನ್ನ ನನ್ನ ಹೊಟ್ಟೇಲಿ ಹುಟ್ಟಿದೋನು ಅಚ್ಚು ಹಾಕಿ ಊರಿಗೆಲ್ಲ ಹಂಚ್ತಾನೆ. ಹಾಳಾಗ್ಲಿ ನಿನ್ನ ಕ್ಯಾಲೆಂಡರು!"

ಬೀಗ ತೆರೆಯಿತು. ಅಮ್ಮ ಟ್ರಂಕಿನೊಳಗೆ ಕೈಯಾಡಿಸಿ ಒಂದು ಕಂದು ಲಕೋಟೆ ಎಳೆದುಕೊಟ್ಟಳು. "ಓಡು!"

ಅವನು ಲಕೋಟೆಯನ್ನೂ ಅರ್ಜಿಯನ್ನೂ ಬಾಚಿಕೊಂಡು, ಮಗಳು ಚಪ್ಪಲಿ ಮೆಟ್ಟುವ ಮೊದಲೇ ಬೀದಿಯಲ್ಲಿದ್ದ. ಬಸ್ಸು ಸಿಗಲಿಲ್ಲ. ಕಾಲೇಜಿನ ಕಿಟಕಿ ಮುಟ್ಟಿದಾಗ ಹನ್ನೆರಡಕ್ಕೆ ಎಂಟು ನಿಮಿಷ. ಹಿಂದೆ ಆರೇಳು ಜನ ಸಾಲುಗಟ್ಟಿದರು.

ಗುಮಾಸ್ತೆ ಲಕೋಟೆ ಬಿಚ್ಚಿದಳು. ಹುಬ್ಬು ಮೇಲೇರಿತು. "ಇದು ಯಾರದ್ರೀ? ಇಪ್ಪತ್ತೇಳು ವರ್ಷ ಹಳೇದು. ಕನ್ನಡ, ಹದಿನೇಳು. ಫೇಲ್."

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಅವನದೇ ಅಂಕಪಟ್ಟಿ. ಹತ್ತನೇ ತರಗತಿಯಲ್ಲಿ ಮೊದಲ ದರ್ಜೆ ಎಂದು ಹೆಣ್ಣು ನೋಡಲು ಹೋದ ದಿನ ಹೆಂಡತಿಗೆ ಹೇಳಿದ್ದ ಸುಳ್ಳನ್ನು ಹದಿನೆಂಟು ವರ್ಷ ಸಾಕಿದ್ದ. ಕಣ್ಣು ಕಾಣದ ಅಮ್ಮ ಅದನ್ನು ಟ್ರಂಕಿನ ತಳದಿಂದ ಎಳೆದು ಕೈಗೆ ಕೊಟ್ಟಿದ್ದಳು.

"ತಡೀರಿ ಮೇಡಂ!" ಮಗಳು ಏದುಸಿರು ಬಿಡುತ್ತ ಬಂದು ಇನ್ನೊಂದು ಲಕೋಟೆಯನ್ನು ಕಿಟಕಿಗೆ ತೂರಿದಳು. "ಅಜ್ಜಿ ಕೊಟ್ಟಿದ್ದು ಬೇರೆ. ಇದು ನಂದು, ಟ್ರಂಕಲ್ಲೇ ಉಳಿದಿತ್ತು."

ಗುಮಾಸ್ತೆ ಅಂಕಪಟ್ಟಿ ನೋಡಿ ತಲೆದೂಗಿದಳು. ಆಮೇಲೆ ಅರ್ಜಿಯ ಒಂದು ಸಾಲಿನ ಮೇಲೆ ಪೆನ್ನು ಊರಿದಳು. "ತಂದೆಯ ಓದು: ಹತ್ತನೇ ತರಗತಿ, ಮೊದಲ ದರ್ಜೆ. ನಾನೇ ಈಗ ನೋಡಿದೆನಲ್ಲ, ಹೇಗೆ ತಗೊಳ್ಲಿ? ಸುಳ್ಳು ಬರೆದ್ರೆ ಸೀಟು ರದ್ದು. ಹೊಡೆದು ಸರಿಯಾಗಿ ಬರೀರಿ."

ಅವನು ಬರೆದ. ಮೊಳೆ ಜೋಡಿಸಿದ ಹಾಗೆ, ಒಂದೊಂದೇ ಅಕ್ಷರ.

"ತಿದ್ದಿದ ಕಡೆ ತಂದೆ ತಾಯಿ ಇಬ್ಬರ ಸಹಿಯೂ ಬೇಕು. ನಿಮ್ಮ ಹೆಸರು ಬರ್ಕೊಂಡಿದ್ದೀನಿ, ಒಂದು ಗಂಟೆವರೆಗೆ ಕಾಯ್ತೀನಿ. ಇವಳ ತಾಯಿ ಎಲ್ಲಿ?"

"ಇಲ್ಲೇ ದೊಡ್ಡಾಸ್ಪತ್ರೇಲಿ, ಮೇಡಂ" ಎಂದಳು ಮಗಳು.

ಅವನು ಕಿಟಕಿಯ ಕಂಬಿ ಹಿಡಿದುಕೊಂಡ. "ಮಗಾ, ನಿಮ್ಮಮ್ಮನ ಮುಂದೆ ಇದನ್ನ ಹಿಡಿಯೋಕೆ ಮುಂಚೆ ಹೇಳೋ ಅಂಥ ಗಾದೆ ಯಾವುದಾದ್ರೂ ಇದ್ಯಾ?"

"ಕಟ್ಟೋಣ ಅಪ್ಪ" ಅವಳು ಅವನ ತೋಳು ಹಿಡಿದೆಳೆದಳು. "ಓಡ್ತಾ ಓಡ್ತಾ ಕಟ್ಟೋಣ, ನಡಿ."